ಬಂದೂಕಿನ ಅಂಗಡಿಗೆ ಬಂದ ಸಸ್ಯಾಹಾರಿ ಅಂಕಲ್

ಬಂದೂಕಿನ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅಲ್ಲಿ ನಗು ಬರುವುದು ಯಾವಾಗಲೂ ಜೀವ ಬಾಯಿಗೆ ಬಂದು ವಾಪಸ್ ಹೋದ ಮೇಲೆಯೇ. ನಾನಿದ್ದ ಎರಡು ವರ್ಷವೂ ಹಾಗೆ ಆಗುತ್ತಲೇ ಇತ್ತು.

ಮೊದಲ ಗಿರಾಕಿ

2009ರಲ್ಲಿ ಸ್ಯಾನ್ ಡಿಯಾಗೋದ ನನ್ನ ಟೆಲಿಕಾಂ ಕೆಲಸ ಹೋಯಿತು. ಎಂಟು ತಿಂಗಳು ಅಪ್ಲೈ ಮಾಡಿ ಮಾಡಿ ಸೋತ ಮೇಲೆ ಸಿಕ್ಕಿದ್ದು ದೂರದ ಚಾಟ್ಸ್‌ವರ್ತ್ ಎಂಬ ಊರಿನಲ್ಲಿ ಬೇಟೆ ರೈಫಲ್ ಮಾರುವ ಕೆಲಸ. ದೀಪಾವಳಿ ಪಿಸ್ತೂಲು ಬಿಟ್ಟರೆ ಬೇರೇನೂ ಹಿಡಿದವನಲ್ಲ ನಾನು. ಮಾಲೀಕ ಹೇಳಿಕೊಟ್ಟ: "ಮೂರೇ ಪ್ರಶ್ನೆ. ಯಾವ ಪ್ರಾಣಿ, ಎಷ್ಟು ದೂರದಿಂದ, ಹೊತ್ತುಕೊಂಡು ಎಷ್ಟು ನಡೀಬೇಕು. ಉತ್ತರ ಕೇಳಿ ರೈಫಲ್ ತೋರಿಸು."

ಮೊದಲ ಗಿರಾಕಿ ಬಾಗಿಲಿನಷ್ಟು ಎತ್ತರದ ಆಳು. ಪ್ರಶ್ನೆ ಕೇಳುವ ಮೊದಲೇ ಒಂದು ರೈಫಲ್ ಕೇಳಿ ಕೈಗೆ ತಗೊಂಡು ಗೋಡೆಗೆ ಗುರಿ ಹಿಡಿದ. ಆಮೇಲೆ ಏನೋ ಹೇಳಲು ನನ್ನ ಕಡೆ ತಿರುಗಿದ. ಅವನ ಜೊತೆ ನಳಿಗೆಯೂ ತಿರುಗಿ ನನ್ನ ಹೊಟ್ಟೆಯ ಎದುರು ನಿಂತಿತು. ಖಾಲಿ ಇದೆ ಅಂತ ನಾನೇ ನೋಡಿದ್ದೆ. ನೋಡಿದ್ದೆನಾ?

"ಯಾವ ಪ್ರಾಣಿ ಸರ್?" ಅಂದೆ, ಕೌಂಟರಿನ ಕೆಳಗಿನಿಂದ.

ಮಾಲೀಕ ಓಡಿ ಬಂದು ನಳಿಗೆಯನ್ನು ಚಾವಣಿಯ ಕಡೆ ತಳ್ಳಿದ. ಆಮೇಲೆ ಬಗ್ಗಿ ನನಗೆ ಹೇಳಿದ: "ಪ್ರಶ್ನೆ ಸರಿ ಇದೆ. ನಿಂತುಕೊಂಡು ಕೇಳು."

ಇಂಗ್ಲಿಷಿನಲ್ಲಿ ವ್ಯಾಪಾರ

ಈ ಕೆಲಸದ ವಿಷಯ ಕನ್ನಡದವರಿಗೆ ಯಾರಿಗೂ ಹೇಳಿರಲಿಲ್ಲ. ಒಂದು ಶನಿವಾರ ಬಾಗಿಲು ತೆಗೆದು ಒಳಗೆ ಬಂದವರು ವಾಲ್‌ನಟ್ ಊರಿನ ಅಂಕಲ್! ವರ್ಷವರ್ಷ ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಬರುವವನು ನಾನು. ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ವಿಚಾರಿಸದೆ ಬಾಯಿಗಿಡದ ಮನುಷ್ಯ ಅವರು.

"ಮೇ ಐ ಹೆಲ್ಪ್ ಯೂ, ಸರ್?" ಅಂದೆ. "ಯೆಸ್ ಪ್ಲೀಸ್," ಅಂದರು. ಗುರುತೇ ಇಲ್ಲದವರ ಹಾಗೆ ಐದು ನಿಮಿಷ ಇಂಗ್ಲಿಷಿನಲ್ಲೇ ನಡೆಯಿತು. ಯಾವ ಪ್ರಾಣಿ ಅಂದೆ, ಜಿಂಕೆ ಅಂದರು. ಎಷ್ಟು ದೂರದಿಂದ ಅಂದಾಗ ಅತ್ತಿತ್ತ ನೋಡಿದರು. ದನಿ ತಗ್ಗಿಸಿ ಕನ್ನಡಕ್ಕೆ ಬಂದರು.

"ನೋಡಪ್ಪಾ, ಹೊಸ ಬಾಸ್ ಟೀಮನ್ನೆಲ್ಲ ಬೇಟೆಗೆ ಕರ್ಕೊಂಡು ಹೋಗ್ತಿದ್ದಾನೆ. ಲೇಆಫ್ ಲಿಸ್ಟ್ ಬೇರೆ ರೆಡಿ ಆಗ್ತಿದೆ, ಹೋಗದೆ ಇರೋ ಹಾಗಿಲ್ಲ. ಆಂಟಿಗೆ ಗೊತ್ತಾಗಬಾರ್ದು. ಹೊಡೆಯದೆ ಇರೋಕೆ ಯಾವುದು ಒಳ್ಳೇದು, ಅದು ಕೊಡು."

ಅಡುಗೆಮನೆಯ ಕಬೋರ್ಡ್

ಹಗುರವಾದದ್ದು, ಗುಂಡು ಹಾರಿದಾಗ ಹೆಚ್ಚು ಹಿಂದಕ್ಕೆ ಒದೆಯದಂಥದ್ದು ತಗೊಳ್ಳಿ ಅಂತ ಎಷ್ಟೋ ಹೇಳಿದೆ. "ದೊಡ್ಡದು ಹಿಡ್ಕೊಂಡ್ರೆ ಬಾಸ್ ಎದುರಿಗೆ ಒಂದು ತೂಕ ಇರುತ್ತೆ," ಅಂತ ಆನೆಯಂಥದ್ದನ್ನೇ ಆರಿಸಿದರು. ಕಾನೂನಿನ ಹತ್ತು ದಿನ ಕಾದು ರೈಫಲ್ ಕೈಗೆ ಬಂದ ಮೇಲೆ, ನನ್ನ ರಜೆಯ ದಿನ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದೆ.

ಅಂಕಲ್ ಗುರಿ ನೋಡುವ ದುರ್ಬೀನಿಗೆ, ಅದೇ ಸ್ಕೋಪಿಗೆ, ಕಣ್ಣು ಅಂಟಿಸಿಬಿಟ್ಟರು. "ಅಂಕಲ್, ಕಣ್ಣು ಹಿಂದೆ..." ಅನ್ನುವಷ್ಟರಲ್ಲಿ ಢಮ್! ಬಂದೂಕು ಒದ್ದ ರಭಸಕ್ಕೆ ಸ್ಕೋಪಿನ ದುಂಡು ಅಂಚು ಹುಬ್ಬಿಗೆ ಬಡಿಯಿತು. ಮುಖವೆಲ್ಲ ರಕ್ತ. "ಕಣ್ಣು ಹೋಯ್ತೇನೋ?" ಅಂದರು. ನನಗೂ ಹಾಗೇ ಅನ್ನಿಸಿತು. ಕ್ಲಿನಿಕ್‌ವರೆಗೆ ಹೇಗೆ ಡ್ರೈವ್ ಮಾಡಿದೆನೋ ಗೊತ್ತಿಲ್ಲ.

ಪುಣ್ಯಕ್ಕೆ ಕಣ್ಣಿಗೆ ಏನೂ ಆಗಿರಲಿಲ್ಲ. ನಾಲ್ಕು ಹೊಲಿಗೆ ಸಾಕು ಅಂದರು ಡಾಕ್ಟರು. ಏನಾಯಿತು ಅಂತ ಕೇಳಿದ್ದಕ್ಕೆ, ಮನೆಯಲ್ಲಿ ಹೇಳಬೇಕಾದ ಸುಳ್ಳನ್ನು ಅಂಕಲ್ ಅಲ್ಲೇ ಅಭ್ಯಾಸ ಮಾಡಿದರು: "ಅಡುಗೆಮನೆ ಕಬೋರ್ಡ್ ಬಡೀತು."

ಡಾಕ್ಟರು ಅರ್ಧಚಂದ್ರದಂತಿದ್ದ ಗಾಯ ನೋಡಿ, ಸೂಜಿ ಕೈಗೆ ತಗೊಂಡು ಕೇಳಿದರು: "ಕಬೋರ್ಡಿಗೆ ಯಾವ ಸ್ಕೋಪ್ ಹಾಕಿಸಿದ್ದೀರಿ?"

ಆಂಟಿ

ಮುಂದಿನ ವಾರ ಅಂಗಡಿಗೆ ಆಂಟಿಯೇ ಬಂದರು. ಗ್ಯಾರೇಜಿನಲ್ಲಿ ಸಿಕ್ಕಿದ ರಸೀದಿಯನ್ನು ಕೌಂಟರಿನ ಮೇಲಿಟ್ಟರು.

"ನೀನೇನಪ್ಪಾ ಮಾರಿದ್ದು?"

"ಹೌದು ಆಂಟಿ."

ಅವರು ಗೋಡೆಯ ಮೇಲಿನ ರೈಫಲ್‌ಗಳನ್ನು ಒಂದೊಂದಾಗಿ ನೋಡಿದರು. "ಅದನ್ನ ತೆಗಿ," ಅಂದರು. ನಾನು ಮಾಲೀಕನ ಮುಖ ನೋಡಿದೆ. ಕೊಡು ಅಂತ ತಲೆಯಾಡಿಸಿದ. ಆಂಟಿ ನಳಿಗೆಯನ್ನು ಮೇಲಕ್ಕೆ ಹಿಡಿದು, ಬೋಲ್ಟ್ ಎಳೆದು, ಒಳಗೆ ಗುಂಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ಸೀರೆ ಸೆರಗು ಸರಿಸಿ ಭುಜಕ್ಕೆ ಕೊಟ್ಟರು. ಕೈ ಒಂದಿಷ್ಟೂ ಅಲುಗಲಿಲ್ಲ.

"ಕಾಲೇಜಲ್ಲಿ ಎನ್‌ಸಿಸಿ. ಗುರಿ ಹೊಡೆಯೋದರಲ್ಲಿ ನಾನೇ ಫಸ್ಟು. ನಿಮ್ಮ ಅಂಕಲ್ ಒಂದು ಮಾತು ಕೇಳಿದ್ದಿದ್ರೆ ನಾನೇ ಆರಿಸಿಕೊಡ್ತಿದ್ದೆ. ಇದು ಹಗುರವಾಗಿದೆ, ನಂಗಿರಲಿ."

ಅವರು ಫಾರಂ ತುಂಬಿ ಹೊರಟ ತಕ್ಷಣ ಅಂಕಲ್‌ಗೆ ಫೋನ್ ಮಾಡಿದೆ.

"ಆಂಟಿಗೆ ಎಲ್ಲಾ ಗೊತ್ತಾಗಿದೆ ಅಂಕಲ್. ಇಲ್ಲಿಗೇ ಬಂದಿದ್ರು."

"ಅಯ್ಯೋ! ಏನಂದ್ಲು?"

"ಏನೂ ಬೈಲಿಲ್ಲ. ಒಂದು ರೈಫಲ್ ತಗೊಂಡ್ರು."

ಆ ಕಡೆಯಿಂದ ಸಣ್ಣ ದನಿ: "ಕಾನೂನು ಪ್ರಕಾರ ಹತ್ತು ದಿನ ಆದ್ಮೇಲೆ ತಾನೇ ಕೈಗೆ ಕೊಡೋದು?"

"ಹೌದು ಅಂಕಲ್."

"ಸಾಕು. ಅಷ್ಟರೊಳಗೆ ಕ್ಷಮೆ ಕೇಳಿ ಮುಗಿಸ್ತೀನಿ."