ಖಾಲಿ ಬೋಗುಣಿ

ನನಗೆ ಮನುಷ್ಯರ ಮುಖ ಮರೆಯುತ್ತದೆ, ಪಾತ್ರೆಯ ಮುಖ ಮರೆಯುವುದಿಲ್ಲ. ಎದುರಿಗೆ ನಿಂತು "ಚೆನ್ನಾಗಿದೀರಾ ಗೌರಕ್ಕಾ?" ಎಂದವರ ಹೆಸರು ನೆನಪಾಗದೆ ಒದ್ದಾಡುತ್ತೇನೆ, ಅವರ ಮಗಳ ಮದುವೆಗೆ ಹೋಗಿದ್ದ ಕೊಳಗದ ಕಂಠ ಎಲ್ಲಿ ನೆಗ್ಗಿತ್ತು ಎಂಬುದು ಮಾತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ. ಇದು ಕಸುಬಿನ ದೋಷ. ಚನ್ನಗಿರಿಯಲ್ಲಿ ಮದುವೆ, ನಾಮಕರಣಗಳಿಗೆ ಪಾತ್ರೆ ಬಾಡಿಗೆಗೆ ಕೊಡುವುದು ನನ್ನ ವ್ಯಾಪಾರವಾಗಿತ್ತು. ಹೊನ್ನಾಳಿ, ನ್ಯಾಮತಿಯವರು ಕೂಡ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಯಾವ ಪಾತ್ರೆಯಾದರೂ ಸರಿ, ಒಮ್ಮೆ ನೋಡಿದರೆ ಸಾಕು, ಇದು ಇಂಥವರದ್ದು ಎಂದು ಹೇಳಿಬಿಡುತ್ತೇನೆ ಎಂಬ ಜಂಬ ನನಗಿತ್ತು.

ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಒಂದು ಚೂರು ಬೆಲ್ಲವೋ, ನಾಲ್ಕು ಹಸಿಮೆಣಸಿನಕಾಯಿಯೋ ಅದರಲ್ಲಿರಬೇಕು. ಬಾಡಿಗೆ ಪಾತ್ರೆಗೆ ಈ ಪದ್ಧತಿ ಬೇಕಿಲ್ಲ ಎಂದು ಜನಕ್ಕೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳುವ ಗೋಜಿಗೆ ಹೋಗಲಿಲ್ಲ. ಹೀಗಾಗಿ ಲಗ್ನದ ತಿಂಗಳುಗಳಲ್ಲಿ ಕೊಪ್ಪರಿಗೆಯ ಜೊತೆ ಬುಂದಿ, ಹಂಡೆಯ ಜೊತೆ ಗೋಧಿಹುಗ್ಗಿ ಮನೆಗೆ ಬರುತ್ತಿದ್ದವು. ನಮ್ಮ ಮನೆಯವರು ಶಾಲೆಯ ಮೇಷ್ಟ್ರು. ಊಟಕ್ಕೆ ಕೂರುವ ಮುಂಚೆ "ಇವತ್ತು ಯಾರ ಮದುವೆ?" ಎಂದು ಕೇಳುವುದು ಅವರಿಗೆ ಅಭ್ಯಾಸವಾಗಿತ್ತು. ನಾನು ಹಬ್ಬಕ್ಕೂ ಸಿಹಿ ಮಾಡುವುದನ್ನು ಬಿಟ್ಟಿದ್ದೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಸಕ್ಕರೆಗೆ ಕಂಟ್ರೋಲ್ ಬಂತು, ಪಡಿಚೀಟಿಗೆ ಸಿಕ್ಕಷ್ಟೇ ಸಕ್ಕರೆ. ನಮ್ಮೂರಿನ ಮಹಿಳಾ ಸಮಾಜಕ್ಕೆ ನಾನು ಕಾರ್ಯದರ್ಶಿ. ಹಳ್ಳಿಹಳ್ಳಿಗೆ ಹೋಗಿ ಮಿತವ್ಯಯದ ಭಾಷಣ ಮಾಡುವ ಕೆಲಸವನ್ನು ಯಾರೂ ಒಪ್ಪಿಸದಿದ್ದರೂ ನಾನೇ ಮೈಮೇಲೆ ಎಳೆದುಕೊಂಡೆ. "ಅಕ್ಕಂದಿರೇ, ಬುಂದಿ ಬೇಡ, ಪಾಯಸ ಬೇಡ. ತೊಟ್ಟಿಲ ದಿನ ಒಂದು ಲೋಟ ಮಜ್ಜಿಗೆ ಕೊಟ್ಟರೆ ಕೂಸೇನೂ ಬೇಜಾರು ಮಾಡಿಕೊಳ್ಳುವುದಿಲ್ಲ!" ಎಂದರೆ ಹೆಂಗಸರೆಲ್ಲ ನಗುತ್ತಿದ್ದರು. ಜನ ಬುಂದಿ ಬಿಟ್ಟರೆ ನನ್ನ ಕೊಪ್ಪರಿಗೆಗಳ ಗತಿಯೇನು ಎಂಬ ಯೋಚನೆ ಬರುತ್ತಿರಲಿಲ್ಲವೆಂದಲ್ಲ. ಆದರೆ ಚಪ್ಪಾಳೆ ತಟ್ಟಿದವರೇ ಮಾರನೆಯ ದಿನ ಬಂದು ದೊಡ್ಡ ಕೊಪ್ಪರಿಗೆ ಕೇಳುತ್ತಿದ್ದುದರಿಂದ ನನ್ನ ದೇಶಸೇವೆಯಿಂದ ನನ್ನ ವ್ಯಾಪಾರಕ್ಕೆ ಯಾವ ಅಪಾಯವೂ ಆಗಲಿಲ್ಲ.

ಅಪಾಯ ಬಂದದ್ದು ಒಂದು ಬೋಗುಣಿಯಿಂದ. ನಮ್ಮತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಜಗಳೂರಿಗೆ ಹೋಗಿದ್ದರು. ಆಗ ಕತ್ತಲಗೆರೆಯ ನಿಂಗಮ್ಮ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಕ್ಕೆ ಪಾತ್ರೆ ಕೇಳಿಕೊಂಡು ಬಂದಳು. ಇದ್ದಬದ್ದ ಪಾತ್ರೆಗಳೆಲ್ಲ ಮದುವೆ ಮನೆಗಳಲ್ಲಿದ್ದವು. ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಟ್ಟದ ಮೇಲಿದ್ದ ಹಿತ್ತಾಳೆ ಬೋಗುಣಿಯನ್ನು ಇಳಿಸಿ ಕೊಟ್ಟೆ. ಅದು ಅತ್ತೆಗೆ ತವರಿನಿಂದ ಬಂದದ್ದು, ಅವರ ತಾಯಿಯ ಹೆಸರು ಕೆತ್ತಿದ್ದು. ಅವರು ಅದನ್ನು ನನ್ನ ಕೈಗೂ ಕೊಡುತ್ತಿರಲಿಲ್ಲ. "ನಾಕು ದಿನದಾಗೆ ತಂದುಕೊಡ್ತೀನ್ರಿ" ಎಂದು ಹೋದ ನಿಂಗಮ್ಮ ಮೂರು ತಿಂಗಳಾದರೂ ಇತ್ತ ತಲೆ ಹಾಕಲಿಲ್ಲ. ಕೊನೆಗೆ ಜಗಳೂರಿನಿಂದ ಕಾಗದ ಬಂತು. "ಸೋಮವಾರ ಬರುತ್ತೇನೆ. ನನ್ನ ಬೋಗುಣಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಡು." ನಮ್ಮ ಮನೆಯವರು ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಶಾಲೆಗೆ ಎಂದಿಗಿಂತ ಬೇಗ ಹೊರಟುಬಿಟ್ಟರು.

ಸೋಮವಾರ ಬೆಳಿಗ್ಗೆಯೇ ನಾನು ಕತ್ತಲಗೆರೆಯ ಕಡೆಯ ಬಸ್ಸು ಹತ್ತಿದೆ. ಆಗಿನ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು. ತಳ್ಳುತ್ತಲೇ ನಿಂಗಮ್ಮನಿಗೆ ಬೈಯಬೇಕಾದ ಬೈಗುಳಗಳನ್ನೆಲ್ಲ ಒಂದೊಂದಾಗಿ ಜೋಡಿಸಿಕೊಂಡೆ.

ನಿಂಗಮ್ಮನ ಮನೆ ಒಂದೇ ಅಂಕಣದ್ದು. ಒಳಗೆ ಕಾಲಿಟ್ಟರೆ ಗೋಡೆಯ ಗೂಡಿನಲ್ಲಿ ಬೋಗುಣಿ ಫಳಫಳ ಹೊಳೆಯುತ್ತಿತ್ತು. ಅತ್ತೆ ತಿಕ್ಕಿದರೂ ಅಷ್ಟು ಹೊಳೆದದ್ದನ್ನು ನಾನು ಕಂಡಿರಲಿಲ್ಲ.

"ಬೈಬ್ಯಾಡ್ರೀ ಗೌರಕ್ಕಾ," ಎಂದಳು ಆಕೆ, ನಾನು ಬಾಯಿ ತೆರೆಯುವ ಮೊದಲೇ. "ನೀವು ನಮ್ಮೂರಿಗೆ ಬಂದು ಹೇಳಿದ್ರಲ್ಲ, ಅದರಂಗೇ ನಡಕೊಂಡೆ. ಪಾಯಸ ಮಾಡ್ಲಿಲ್ಲ, ಮಜ್ಜಿಗೆನೇ ಹಂಚಿದೆ. ಆಮ್ಯಾಲೆ ಪಾತ್ರೆ ಖಾಲಿ ಹೆಂಗೆ ತರಾಕಾಗುತ್ತೆ? ಮಜ್ಜಿಗೆ ಹಾಕ್ಕೊಂಡು ಬರಾಕಾಗುತ್ತಾ? ಒಂದು ಹಿಡಿ ಸಕ್ಕರೆ ಸಿಗ್ಲಿ ಅಂತ ಕಾದೆ. ಸಿಗಲೇ ಇಲ್ಲ. ದಿನಾ ತಿಕ್ಕಿ ಇಡ್ತಿದೀನಿ."

ಇಡೀ ತಾಲ್ಲೂಕಿನಲ್ಲಿ ನನ್ನ ಭಾಷಣವನ್ನು ನಿಜವೆಂದು ನಂಬಿದವಳು ಇವಳೊಬ್ಬಳೇ! ಬಸ್ಸು ತಳ್ಳುತ್ತಾ ಜೋಡಿಸಿಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

"ಖಾಲಿನೇ ಕೊಡು ನಿಂಗಮ್ಮ, ಪರವಾಗಿಲ್ಲ."

"ಅದೆಂಗಾಗುತ್ತೆ? ಕೂಸಿನ ತೊಟ್ಟಿಲಿಗೆ ತಂದ ಪಾತ್ರೆ ಅದು."

"ಹಂಗಾದ್ರೆ ಹಿತ್ತಲಾಗೆ ಏನೈತೋ ಅದನ್ನೇ ಹಾಕು."

"ನಿಮ್ಮಂಥೋರ ಮನೆಗೆ ಸೊಪ್ಪು ಕಳಿಸಾಕೆ ನನಗೆ ಮನಸ್ಸು ಬರಲ್ರೀ" ಎಂದಳು. ಅತ್ತೆ ಬರುವ ಹೊತ್ತಾಗಿದೆ ಎಂದು ನಾನು ಅವಳಿಗೆ ಕೈ ಮುಗಿಯುವುದೊಂದು ಬಾಕಿ. ಕೊನೆಗೆ ನಿಂಗಮ್ಮ ಒಲ್ಲದ ಮನಸ್ಸಿನಿಂದ ಹಿತ್ತಲಿಗೆ ಹೋಗಿ ನುಗ್ಗೆಸೊಪ್ಪು ಮುರಿದು ಬೋಗುಣಿ ತುಂಬಿಸಿಕೊಟ್ಟಳು.

ಮನೆಗೆ ಬಂದರೆ ಅತ್ತೆ ಆಗಲೇ ಜಗುಲಿಯ ಮೇಲೆ ಕೂತಿದ್ದರು. "ನನ್ನ ಬೋಗುಣಿ ಸವಾರಿ ಎಲ್ಲಿಗೆ ಹೋಗಿತ್ತೇ?" ಎಂದರು. ಸುಳ್ಳು ಹೇಳಲು ಧೈರ್ಯ ಸಾಲದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸೊಪ್ಪನ್ನು ಸರಿಸಿ ಬೋಗುಣಿಯ ಒಳಗೆ ನೋಡಿದರು, ಹೊರಗೆ ನೋಡಿದರು, ತಾಯಿಯ ಹೆಸರಿನ ಮೇಲೆ ಬೆರಳಾಡಿಸಿದರು.

"ಚೆನ್ನಾಗಿ ಇಟ್ಕೊಂಡಾಳೆ" ಎಂದರು. ನಾನು ಉಸಿರು ಬಿಟ್ಟೆ. "ಅದಿರ್ಲಿ. ದೀಪಾವಳಿಗೆ ಎದುರು ಮನೆ ಪಾರ್ವತಮ್ಮ ಕರಿಗಡುಬು ಹಾಕಿ ಕಳಿಸಿದ್ಲಲ್ಲ, ಆ ತಟ್ಟೆ ಇನ್ನೂ ನಮ್ಮ ಅಟ್ಟದ ಮ್ಯಾಲೇ ಐತಲ್ಲ? ನಿಂಗಮ್ಮಂಗೆ ಸಕ್ಕರೆ ಸಿಗ್ಲಿಲ್ಲ. ನಿನಗೇನು ಸಿಗ್ಲಿಲ್ಲವ್ವಾ?"

ಸಿಗದಿದ್ದದ್ದು ಪುರುಸೊತ್ತು. ಇದನ್ನು ಅತ್ತೆಗೆ ಹೇಳುವಂತಿರಲಿಲ್ಲ. ಅಟ್ಟ ಹತ್ತಿ, ಧೂಳು ಹಿಡಿದಿದ್ದ ತಟ್ಟೆಯನ್ನು ಇಳಿಸಿ, ತೊಳೆದು, ನಿಂಗಮ್ಮನ ನುಗ್ಗೆಸೊಪ್ಪಿನಲ್ಲಿ ಅರ್ಧವನ್ನು ಅದರ ಮೇಲೆ ಹರವಿಕೊಂಡು ಎದುರು ಮನೆಗೆ ಹೋದೆ. ತಡವಾಯಿತು, ತಪ್ಪು ತಿಳಿಯಬೇಡಿ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಪಾರ್ವತಮ್ಮ ಸೊಪ್ಪನ್ನು ಮೊರಕ್ಕೆ ಸುರಿದುಕೊಂಡು, ತಟ್ಟೆಯನ್ನು ತಿರುಗಿಸಿ ನೋಡಿ, ನಗುತ್ತಾ ನನ್ನ ಕೈಗೇ ವಾಪಸು ಕೊಟ್ಟರು.

"ಇದು ಶಾನುಭೋಗರ ಮನೇದು ಕಣ್ರೀ ಗೌರಕ್ಕಾ. ಹೆಸರು ಐತಲ್ಲ, ನೋಡ್ರಿ. ನಂದಕ್ಕೆ ಅಂಚಿನಾಗೆ ಬಳ್ಳಿ ಐತೆ. ಅದರ ಜೊತೆಗೆ ಯುಗಾದಿಗೆ ಕೊಟ್ಟ ಬಟ್ಟಲೂ ಐತಲ್ಲ, ಅದನ್ನೂ ಹಂಗೇ ಹುಡುಕ್ರಿ."