ಗಿರಿಜಮ್ಮ ಎಂಬ ಆಜ್ಞೆ

ಕಂಪ್ಯೂಟರ್ ಪಾಠ ಹೇಳುವವನು ಅತ್ತೆಮನೆಗೆ ಬರಿಗೈಯಲ್ಲಿ ಹೋದರೂ ನಡೆಯುತ್ತದೆ. ‘ಅದು ನನಗೆ ಬರಲ್ಲ’ ಎನ್ನುವ ಮಾತನ್ನು ಮಾತ್ರ ಒಯ್ಯಬಾರದು. ದಾವಣಗೆರೆಯ ಕಾಲೇಜೊಂದರಲ್ಲಿ ಆ ಪಾಠ ಹೇಳಿಕೊಂಡು ಎಸ್.ಎಸ್. ಬಡಾವಣೆಯಲ್ಲಿ ತೆಪ್ಪಗಿದ್ದ ನಾನು, ಹರಿಹರದ ಅತ್ತೆ ಮಾವನ ಮದುವೆಯ ಸುವರ್ಣೋತ್ಸವಕ್ಕೆ ಸಿಹಿ ಡಬ್ಬಿಗಳ ಮೇಲೆ ಅಂಟಿಸುವ ಹೆಸರಿನ ಚೀಟಿಗಳನ್ನು ನಾನೇ ಮಾಡುತ್ತೇನೆಂದು ಒಪ್ಪಿಕೊಂಡುಬಿಟ್ಟೆ. ಪಿ.ಜೆ. ಬಡಾವಣೆಯ ಪ್ರೆಸ್ಸಿನಲ್ಲಿ ಮಾಡಿಸಿದರಾಯಿತು ಎಂದು ಹೆಂಡತಿ ಹೇಳಿದ್ದಳು. ಕೇಳಲಿಲ್ಲ.

ಬರೆದದ್ದು ಪುಟ್ಟ ಪ್ರೋಗ್ರಾಂ. ಆಜ್ಞೆಗಳನ್ನು ಟೈಪಿಸುವ ಕಪ್ಪು ಪರದೆಯಲ್ಲಿ ಅದನ್ನು ಕರೆದು, ಪಕ್ಕದಲ್ಲಿ ಅಚ್ಚಾಗಬೇಕಾದ ಹೆಸರು ಕೊಟ್ಟರೆ ಮುಗಿಯಿತು. ಸಮಾರಂಭದ ಹಿಂದಿನ ದಿನ ಹರಿಹರದ ಪಡಸಾಲೆಯಲ್ಲಿ, ಎಲ್ಲರೆದುರು, ‘ಬಸವರಾಜಪ್ಪ & ಗಿರಿಜಮ್ಮ’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದೆ. ಹಾಳೆ ಬಂತು. ಹಾಳೆ ತುಂಬ ಮಾವನವರೇ. ಅತ್ತೆ ಎಲ್ಲೂ ಇಲ್ಲ. ಪರದೆಯ ಮೇಲೊಂದು ತಕರಾರಿನ ಸಾಲು ಬೇರೆ. ಹೆಂಡತಿ ಬೇಕೆಂದೇ ಅದನ್ನು ಕನ್ನಡ ಮಾಡಿ ತಾಯಿಗೆ ಓದಿ ಹೇಳಿದಳು: ಗಿರಿಜಮ್ಮ ಎಂಬ ಆಜ್ಞೆ ಇದಕ್ಕೆ ಗೊತ್ತಿಲ್ಲವಂತೆ.

ಅತ್ತೆ ಹಾಳೆ ಎತ್ತಿಕೊಂಡು ತಮ್ಮ ಹೆಸರು ಹುಡುಕಿದರು. ಮಾವನವರು ಪೇಪರಿನಿಂದ ತಲೆಯೆತ್ತದೆ, “ಅದಕ್ಕೇನು ಗೊತ್ತೈತ್ರಿ ಪಾಪ. ಈ ಮನೆಯಾಗೆ ನಡೆಯೋದು ಅದೊಂದೇ ಆಜ್ಞೆ,” ಎಂದರು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಹೆಸರು ಉದ್ದವಾಯಿತೇನೋ ಎಂದು ಬರೀ ‘ಗಿರಿಜ’ ಎಂದು ಹಾಕಿದೆ. ಅವಳನ್ನೂ ಅದು ಒಪ್ಪಲಿಲ್ಲ. ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿದೆ, ತಪ್ಪು ಸಿಗಲಿಲ್ಲ. ಕೊನೆಗೆ, ಅದರ ಕೈಗೆ ನಿಜಕ್ಕೂ ಏನು ತಲುಪುತ್ತಿದೆ ಎಂದು ತೋರಿಸುವಂತೆ ಒಂದು ಸಾಲು ಸೇರಿಸಿ ನೋಡಿದರೆ, ತಲುಪುತ್ತಿದ್ದುದು ಮಾವನವರೊಬ್ಬರೇ. ಆ ‘&’ ಕಂಡೊಡನೆ ಕಪ್ಪು ಪರದೆ, ಒಂದು ಕೆಲಸ ಇಲ್ಲಿಗೆ ಮುಗಿಯಿತು, ಮುಂದಿನದು ಬೇರೆ ಕೆಲಸ ಎಂದು ತಿಳಿದು ದಂಪತಿಯನ್ನು ಬಾಗಿಲಲ್ಲೇ ಬೇರ್ಪಡಿಸುತ್ತಿತ್ತು. ಇಬ್ಬರ ಹೆಸರನ್ನೂ ಸೇರಿಸಿ ಆಚೆ ಈಚೆ ಉದ್ಧರಣ ಚಿಹ್ನೆ ಹಾಕಿದೆ. ಜೋಡಿಯಾಗಿ ಬಂದರು. ಅತ್ತೆ ಚೀಟಿಯ ಮೇಲೆ ಮೆಲ್ಲಗೆ ಬೆರಳಾಡಿಸಿ, ಚಹಾ ತರಲು ಎದ್ದರು.

ಕೆಟ್ಟ ಹಾಳೆಗಳನ್ನು ನಾನು ಮುದುರುವಷ್ಟರಲ್ಲಿ ಚಹಾ ಹಿಡಿದು ಬಂದ ಅತ್ತೆ ತಡೆದರು. “ಬಿಸಾಕಬ್ಯಾಡ್ರಿ. ಚೆನ್ನಾಗಿರೋವು ಬಂದೋರಿಗೆ ಇರ್ಲಿ. ಇವು ಮನೆಯವ್ರಿಗೆ ಸಾಕು.”

ಸಮಾರಂಭ ಮುಗಿಸಿ ಹೊರಟಾಗ ನನ್ನ ಕೈಗೆ ಬಂದ ಡಬ್ಬಿಯ ಮೇಲೆ ಬಸವರಾಜಪ್ಪನವರು ಒಬ್ಬರೇ ಇದ್ದರು. ಇಷ್ಟು ವರ್ಷ ಆ ಮನೆಯಲ್ಲಿ ನನಗೆ ಒಳ್ಳೆಯ ತಟ್ಟೆ, ಒಳ್ಳೆಯ ಲೋಟ, ಅಳಿಯನ ಮರ್ಯಾದೆ ಎಲ್ಲ ಇತ್ತು. ಒಂದೇ ಪ್ರೋಗ್ರಾಮಿನಿಂದ ಅಷ್ಟನ್ನೂ ಕಳೆದುಕೊಂಡು ಮನೆಯವನಾಗಿಬಿಟ್ಟೆ.