ಹುಳದ ಮನೆಗೆ ಬರೆದ ಪ್ರೋಗ್ರಾಮು

ನಾನು ಮೊದಲ ಸಲ ಹೇಳದೆ ಕೇಳದೆ ಹೊರಟಿದ್ದು ಒಂದು ಗುರುವಾರ. ಅವತ್ತು ಒಂಬತ್ತನೇ ಕ್ಲಾಸಿನ ಗಣಿತ ಪರೀಕ್ಷೆ. ಪ್ರಶ್ನೆಪತ್ರಿಕೆಗಿಂತ ಮುಂಚೆ ಬೆಂಗಳೂರು ಬಸ್ಸು ಬಂತು, ಹತ್ತಿಬಿಟ್ಟೆ. ಆಮೇಲೆ ಲಾರಿ, ಲೇತು, ಬಿಡದಿ ಫ್ಯಾಕ್ಟರಿಗಳ ಕಾಂಟ್ರಾಕ್ಟು ಕೆಲಸ ಎಲ್ಲಾ ದಾಟಿ, ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಪುಸ್ತಕ ನೋಡಿಕೊಂಡು, ಪ್ರೋಗ್ರಾಮು ಬರೆಯುವ ಸಿ ಭಾಷೆ ಕಲಿತೆ. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್, ಊರವರದ್ದರಲ್ಲೆಲ್ಲ ವಿಂಡೋಸ್. ನನ್ನ ಪ್ರೋಗ್ರಾಮು ಎರಡರಲ್ಲೂ ಓಡುತ್ತೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಓಡುತ್ತಿತ್ತು, ಒಂದೊಂದರಲ್ಲಿ ಒಂದೊಂದು ದಿಕ್ಕಿಗೆ. ಇಂಥ ಎಡವಟ್ಟುಗಳು ನಾನು ಹೋದಲ್ಲೆಲ್ಲ ಬೆನ್ನಿಗೆ ಬರುತ್ತವೆ. ಅದರಲ್ಲೊಂದಂತೂ ಕನಕಪುರದ ಒಬ್ಬ ಹೆಂಗಸಿನ ಕೆಲಸವನ್ನೇ ಕಳೆಯೋದರಲ್ಲಿತ್ತು.

ತಲೆಗಳು

ಚನ್ನಪಟ್ಟಣದಲ್ಲಿ ಗೊಂಬೆ ಮಾಡಿಸುವ ಯಜಮಾನರೊಬ್ಬರಿಗೆ ಅಳತೆಗಳನ್ನು ಫೈಲಿನಲ್ಲಿಡುವ ಪ್ರೋಗ್ರಾಮು ಬರೆದುಕೊಟ್ಟೆ. ದೊಡ್ಡ ಗೊಂಬೆಯ ತಲೆಯ ಫೈಲಿಗೆ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಹೆಸರು, ಚಿಕ್ಕ ಗೊಂಬೆಯದಕ್ಕೆ ಅದೇ ಹೆಸರು ಚಿಕ್ಕ ಅಕ್ಷರದಲ್ಲಿ. ನನ್ನ ಲಿನಕ್ಸಿಗೆ ಅವು ಬೇರೆ ಬೇರೆ, ಅವರ ವಿಂಡೋಸಿಗೆ ಎರಡೂ ಒಂದೇ. ಕಾಪಿ ಮಾಡಿದಾಗ ಚಿಕ್ಕದು ಹೋಗಿ ದೊಡ್ಡದರ ಮೇಲೆ ಕೂತು ಅದನ್ನು ಅಳಿಸಿಬಿಟ್ಟಿತು. ಹಾಳೆಯಲ್ಲಿ ಬಂದ ಅಳತೆ ನೋಡಿಕೊಂಡು ಲೇತಿನ ಮುಂದಿದ್ದ ಹಿರಿಯರು ಒಂದು ಗೋಣಿಚೀಲದ ತುಂಬ ತಲೆ ಮಾಡಿಟ್ಟರು. ಕುಂಬಳಕಾಯಿಯಂಥ ಮೈಗೆ ನಿಂಬೆಹಣ್ಣಿನಂಥ ತಲೆ ಕೂರಿಸುವಾಗ ಅನುಮಾನ ಬರಲಿಲ್ವಾ ಅಂತ ಕೇಳಿದೆ. ಅವರು ಅರಗು ಹಚ್ಚುತ್ತಲೇ ಅಂದರು: "ನಮ್ ಯಜಮಾನ್ರನ್ನೇ ನೋಡಿ ಬರ್ದಿರ್ಬೇಕು ಅಂದ್ಕೊಂಡೆ."

ಕಲ್ಯದ ಕಳ್ಳ

ಆ ತಲೆಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಯಜಮಾನರ ಭಾವಮೈದುನ, ರಾಮನಗರದ ಸಾಹುಕಾರರು. ನಕ್ಕ ಖುಷಿಯಲ್ಲೇ ನನ್ನನ್ನು ಕರೆದುಕೊಂಡು ಹೋದರು. ಅವರಿಗೆ ಎರಡು ಚಾಕಿ ಕೇಂದ್ರ, ಅಂದರೆ ರೇಷ್ಮೆಯ ಮರಿಹುಳಗಳನ್ನು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡೋದು, ಮುಗಿಯುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಒಂದು ಮಾಗಡಿ ಕಡೆಯ ಕಲ್ಯದಲ್ಲಿ, ಇನ್ನೊಂದು ಕನಕಪುರದಲ್ಲಿ. ಹುಳ ಸೊರಗಿವೆ ಅಂತ ಉಯ್ಯಂಬಳ್ಳಿಯ ರೈತರು ದೂರು ತಂದಿದ್ದರು. ಎರಡೂ ಕಡೆಯ ತಟ್ಟೆಗಳು ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದರಿಂದ ಯಾರು ಸಾಕಿದ ಹುಳ ಅಂತ ಗೊತ್ತಾಗುತ್ತಿರಲಿಲ್ಲ. ಸಾಹುಕಾರರ ಅನುಮಾನವೆಲ್ಲ ಕನಕಪುರದ ಕೇಂದ್ರ ನೋಡಿಕೊಳ್ಳುವ ಹೆಂಗಸಿನ ಮೇಲೆ. ಹುಳಕ್ಕೆ ಬೇಕಾದ ಕಾವು ಇಪ್ಪತ್ತಾರು ಡಿಗ್ರಿ. ಎರಡು ಮನೆಯ ಕಾವನ್ನೂ ಹತ್ತು ನಿಮಿಷಕ್ಕೊಮ್ಮೆ ಬರೆದಿಡುವ ಪ್ರೋಗ್ರಾಮು ಮಾಡು, ಅವಳು ಕಾವಿಗೆ ಇಟ್ಟ ಒಲೆ ಮರೆತು ಮಲಗೋದು ಕಂಡರೆ ತಿಂಗಳ ಕೊನೆಗೆ ಮನೆಗೆ ಕಳಿಸ್ತೀನಿ ಅಂದರು.

ಮೊದಲು ಕಲ್ಯದಲ್ಲಿ ಹಾಕಿದೆ. ಮಾರನೇ ದಿನವೇ ಅಲ್ಲಿನ ಉಸ್ತುವಾರಿಯ ಫೋನು. ‘ಫೈಲನ್ನು ಬೇರೆ ಯಾರೋ ತೆರೆದಿದ್ದಾರೆ’ ಅಂತ ಪರದೆಯ ಮೇಲೆ ಬಂದಿದೆಯಂತೆ. ಆ ಮಾತು ಬರೆದವನು ನಾನೇ. ಅವನು ದೊಣ್ಣೆ ಹಿಡಿದು ಸೊಪ್ಪಿನ ಕೋಣೆ, ಅಟ್ಟ, ಹಿಪ್ಪುನೇರಳೆ ಸಾಲು ಎಲ್ಲಾ ಹುಡುಕಿದ್ದ. ಹೋಗಿ ನೋಡಿದರೆ, ಪತ್ರ ಟೈಪ್ ಮಾಡುವ ಪ್ರೋಗ್ರಾಮಿನಲ್ಲಿ ಆ ಫೈಲನ್ನು ತಾನೇ ತೆರೆದು ಹಾಗೇ ಬಿಟ್ಟಿದ್ದ. ಅಂಥ ಫೈಲನ್ನು ವಿಂಡೋಸು ಇನ್ನೊಬ್ಬರಿಗೆ ಮುಟ್ಟಗೊಡೋದಿಲ್ಲ. ತೆರೆದವನು ನೀನೇ ಕಣಯ್ಯ ಅಂದೆ. ದೊಣ್ಣೆ ಕೆಳಗಿಟ್ಟು ನಿಟ್ಟುಸಿರು ಬಿಟ್ಟ: "ಅಂತೂ ಸಿಕ್ಬುಟ್ನಲ್ಲ, ಅಷ್ಟು ಸಾಕು."

ಇಪ್ಪತ್ತಾರು

ತಿಂಗಳ ಕೊನೆಗೆ ರಾಮನಗರದ ಆಫೀಸಿನಲ್ಲಿ ಎರಡೂ ಕಡೆಯ, ದಿನಕ್ಕೊಂದರಂತೆ ಇದ್ದ ಫೈಲುಗಳನ್ನು ತೆರೆದೆವು. ಕಲ್ಯದ್ದು ಬೆಳಿಗ್ಗೆಯಿಂದ ಸಂಜೆವರೆಗೆ ಪುಟ ತುಂಬ ಅಂಕಿ, ಒಂದೊಂದಾಗಿ ಓದುವ ಗೋಜಿಗೆ ಯಾರೂ ಹೋಗಲಿಲ್ಲ. ಕನಕಪುರದ್ದು ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು, ಇಪ್ಪತ್ತೈದು, ಆಮೇಲೆ ಖಾಲಿ. ಪ್ರತಿದಿನವೂ ಅಷ್ಟೇ.

"ನೋಡ್ಲಾ, ಕಲ್ಯದೋನು ಹೆಂಗವ್ನೆ," ಅಂದರು ಸಾಹುಕಾರರು. ಇವಳು ಇಪ್ಪತ್ತೈದಕ್ಕೆ ತಂದು ಕಾವು ಅಳೆಯುವ ವೈರು ಕಿತ್ತು ಮಲಗುತ್ತಾಳೆ, ಒಂದನೇ ತಾರೀಕಿಂದ ಕನಕಪುರಕ್ಕೂ ಅವನೇ ಅಂತ ತೀರ್ಮಾನ ಮಾಡಿಬಿಟ್ಟರು.

ಆ ಹೆಂಗಸು ಬಾಗಿಲ ಹತ್ತಿರ ನಿಂತಿದ್ದಳು. ಅಳಲಿಲ್ಲ, ಜಗಳ ಆಡಲಿಲ್ಲ. "ಬೆಳಿಗ್ಗೆ ಸೊಪ್ಪು ಹಾಕಿ, ಇಪ್ಪತ್ತಾರಕ್ಕೆ ತಂದ್ಮೇಲೇ ಸಾಮಿ ನಾನು ತಿಂಡಿ ತಿನ್ನೋದು," ಅಂದಳು.

ಆ ಇಪ್ಪತ್ತಾರು ನನ್ನ ತಲೆಯಲ್ಲಿ ಟಣ್ ಅಂತು. ನಾನು ಹೊತ್ತು ತಿರುಗುವ ಗೋಣಿಚೀಲದಿಂದ ಕಂಪ್ಯೂಟರ್ ಡಬ್ಬ ತೆಗೆದು, ಅದೇ ಫೈಲನ್ನು ಲಿನಕ್ಸಿನಲ್ಲಿ ಓದಿಸಿದೆ. ಇಪ್ಪತ್ತೈದಾದ ಮೇಲೆ ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತಾರು, ಸಂಜೆವರೆಗೂ ಅದೇ.

ಪ್ರತಿ ಕಾವನ್ನೂ ನಾನು ಅಕ್ಷರದಲ್ಲಿ ಬರೆಸದೆ ಒಂದೊಂದು ಬೈಟಾಗಿ, ಅಂದರೆ ಕಂಪ್ಯೂಟರಿನ ಒಂದು ಬಿಡಿ ಸಂಖ್ಯೆಯಾಗಿ, ಇಡಿಸಿದ್ದೆ. ವಿಂಡೋಸಿಗೆ ಹಳೇ ಕಾಲದ ಒಂದು ಚಾಳಿ. ಫೈಲನ್ನು ಬರಹ ಅಂತ ತೆರೆದರೆ, ಇಪ್ಪತ್ತಾರು ಅನ್ನೋ ಬೈಟು ಕಂಡ ಕೂಡಲೇ ಇಲ್ಲಿಗೆ ಮುಗೀತು ಅಂದುಕೊಂಡು ಓದೋದು ನಿಲ್ಲಿಸುತ್ತೆ. ಇದು ಬರಹವಲ್ಲ, ಬರೀ ಬೈಟು ಅಂತ ತಿಳಿಸೋಕೆ ಫೈಲು ತೆರೆಯುವ ಸಾಲಿನಲ್ಲಿ ಒಂದು ‘ಬಿ’ ಅಕ್ಷರ ಹಾಕಬೇಕಿತ್ತು. ನಾನು ಹಾಕಿರಲಿಲ್ಲ. ಹಾಕಿದೆ. ಆಫೀಸಿನ ಕಂಪ್ಯೂಟರೂ ಪೂರ್ತಿ ಓದಿತು.

ಸಾಹುಕಾರರು ಗಲ್ಲ ಕೆರೆದುಕೊಂಡರು. "ಮತ್ತೆ ಕಲ್ಯದೋಂದು ಮೊದ್ಲಿಂದಾನೂ ಪೂರ್ತಿ ಬತ್ತಿತ್ತಲ್ಲ?"

"ಅವನ ಮನೆ ಒಂದಿನಾನೂ ಇಪ್ಪತ್ತಾರು ಮುಟ್ಟಿಲ್ಲ ಅಂತಾಯ್ತಲ್ಲ ಸಾಮಿ," ಅಂದಳು ಅವಳು.

ಕಲ್ಯದವನು ಒಂದನೇ ತಾರೀಕು ಕನಕಪುರಕ್ಕೆ ಹೋಗಿದ್ದೇನೋ ನಿಜ, ಅವಳ ಹತ್ತಿರ ಒಲೆ ಹೊತ್ತಿಸೋದು ಕಲಿಯೋಕೆ.

ಸಾಹುಕಾರರು ನನಗೆ ಇಲ್ಲೇ ಇದ್ದುಬಿಡು ಅಂದರು. ಅಷ್ಟರಲ್ಲಿ ನಾನು ಡಬ್ಬವನ್ನು ಚೀಲಕ್ಕೆ ತುಂಬಿ ಬಾಯಿಗೆ ಹುರಿ ಸುತ್ತುತ್ತಿದ್ದೆ. "ಎಲ್ಲಾ ಸರಿಹೋದ್ಮೇಲೆ ಎಲ್ಲಿಗ್ಲಾ ಹೊರಟೆ?" ಅಂದರು. ಗಂಟು ಹಾಕೋಕೆ ಹುರಿಯ ಇನ್ನೊಂದು ತುದಿ ಹಿಡಿದುಕೊಂಡಿದ್ದ ಅವಳೇ ಹೇಳಿದಳು:

"ಬುಡಿ ಸಾಮಿ. ಇವ್ರೂ ನಿಮ್ ಕಂಪ್ಯೂಟರ್ ಥರಾನೇ. ಇಪ್ಪತ್ತಾರು ಕಂಡ್ರೆ ಮುಗೀತು ಅಂತಾರೆ."